ಬಿಳಿ ಇಲಿ ಅಂದರೆ ಯಾವ ಬಿಳಿ ಇಲಿ? ಲ್ಯಾಬಿಗೆ ತಳಿ ಆರಿಸುವವರಿಗೆ, ಸಾಕುವವರಿಗೆ

ಎಂ.ಫಾರ್ಮ್ ಓದುವಾಗ ನನ್ನ ಪ್ರಾಜೆಕ್ಟಿನಲ್ಲಿ 24 ಇಲಿಗಳು ಸುಮ್ನೆ ಸತ್ತವು. ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಿಟಿ26 ಅನ್ನುವ ಕರುಳಿನ ಕ್ಯಾನ್ಸರ್ ಜೀವಕೋಶಗಳನ್ನು ಇಲಿಯ ಚರ್ಮದ ಕೆಳಗೆ ಚುಚ್ಚುವುದು, ಗಡ್ಡೆ ಬೆಳೆದ ಮೇಲೆ ಒಂದು ಗಿಡದ ಸಾರ ಕೊಟ್ಟು ನೋಡುವುದು, ಇಷ್ಟೇ ನಮ್ಮ ಯೋಜನೆ. ಅರ್ಜಿಯಲ್ಲಿ ಬಾಲ್ಬ್/ಸಿ ಅನ್ನುವ ತಳಿ ಬೇಕು ಅಂತ ಬರೆದಿದ್ದೆವು. ಬಂದ ಡಬ್ಬಿಯಲ್ಲಿ ಬಿಳಿ ಇಲಿಗಳಿದ್ದವು. ಕೆಂಪು ಕಣ್ಣು, ಚುರುಕಾಗಿದ್ದವು, ಸಹಿ ಹಾಕಿ ಇಳಿಸಿಕೊಂಡೆವು. ಮೊದಲ ವಾರ ಗಡ್ಡೆ ಬಂತು. ಆಮೇಲೆ ಸಾರ ಕೊಟ್ಟ ಗುಂಪಿನಲ್ಲಿ ಕರಗತೊಡಗಿತು, ನಮಗೆಲ್ಲ ಖುಷಿಯೋ ಖುಷಿ. ಎರಡು ದಿನ ಬಿಟ್ಟು ಅಳೆದರೆ ಬರೀ ನೀರು ಕುಡಿದ ಗುಂಪಿನಲ್ಲೂ ಕರಗುತ್ತಿತ್ತು. ಬಿಲ್ ತೆಗೆದು ನೋಡಿದೆ. ಕಳಿಸಿದ್ದು ಸ್ವಿಸ್ ಆಲ್ಬಿನೋ ಅನ್ನುವ ಬೇರೆ ಇಲಿ.

ಎರಡೂ ಬಿಳಿ, ಎರಡಕ್ಕೂ ಕೆಂಪು ಕಣ್ಣು. ಆದರೆ ಸಿಟಿ26 ಜೀವಕೋಶ ಬಂದದ್ದು ಬಾಲ್ಬ್/ಸಿ ಇಲಿಯಿಂದ. ಇನ್ನೊಂದು ಬಾಲ್ಬ್/ಸಿ ಇಲಿಗೆ ಅದನ್ನು ಹಾಕಿದರೆ ಆ ಇಲಿಯ ದೇಹಕ್ಕೆ ಅದು ತನ್ನದೇ ಜೀವಕೋಶದ ಹಾಗೆ ಕಾಣುತ್ತದೆ, ಬೆಳೆಯಲು ಬಿಡುತ್ತದೆ. ಸ್ವಿಸ್ ಇಲಿಯ ದೇಹ ಹೊರಗಿನದು ಬಂದಿದೆ ಅಂತ ಗುರುತು ಹಿಡಿದು ಕೊಂದು ಹಾಕುತ್ತದೆ. ನಮ್ಮ ಗಡ್ಡೆ ಕರಗಿಸಿದ್ದು ಗಿಡವಲ್ಲ, ಇಲಿಯೇ.

ಈಗ ಬಳ್ಳಾರಿಯ ಒಂದು ಅನಿಮಲ್ ಹೌಸಿನಲ್ಲಿ, ಅಂದರೆ ಪ್ರಯೋಗದ ಪ್ರಾಣಿ ಸಾಕುವ ಕಡೆ, ಕೆಲಸ ಮಾಡುತ್ತೇನೆ. ಹೊಸದಾಗಿ ಬರುವ ಹುಡುಗ ಹುಡುಗಿಯರು ಬಂದು ಕೇಳುವ ಮೊದಲ ಮಾತು, "ಮೇಡಂ, ಮೈಸ್ ಎಷ್ಟು ಸಿಗ್ತವೆ?" ಯಾವ ಮೈಸ್ ಅಂತ ಕೇಳುವವರು ಕಡಿಮೆ. ಅಲ್ಲಿಂದಲೇ ಶುರು ಮಾಡೋಣ.

ಇನ್‌ಬ್ರೆಡ್ ಅಂದರೆ ಏನು

ರಾಯಚೂರು ಕಡೆಯ ಹತ್ತಿ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಹೈಬ್ರಿಡ್ ಬೀಜವನ್ನು ಅವರು ಪ್ರತಿ ವರ್ಷ ಹೊಸದಾಗಿ ಕೊಳ್ಳುತ್ತಾರೆ, ಯಾಕೆಂದರೆ ಹೊಲದ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಅಂಗಡಿಯ ಹೈಬ್ರಿಡ್ ಬೀಜ ಒಂದೇ ಸಮ ಬರುವುದು ಅದರ ಅಪ್ಪ, ಅಮ್ಮ ಎರಡೂ ಸಾಲು ಶುದ್ಧವಾಗಿರುವುದರಿಂದ. ಇನ್‌ಬ್ರೆಡ್ ಇಲಿ ಅಂದರೆ ಅಂಥ ಒಂದು ಶುದ್ಧ ಸಾಲು. ಬಾಲ್ಬ್/ಸಿ ಅಂಥದ್ದು.

ಇಲಿಯಲ್ಲಿ ಅದನ್ನು ಮಾಡುವುದು ಹೀಗೆ. ಒಂದೇ ಸೂಲಿನ ಅಣ್ಣ ತಂಗಿಯನ್ನು ಕೂಡಿಸುತ್ತಾರೆ. ಅವುಗಳ ಮರಿಗಳಲ್ಲಿ ಮತ್ತೆ ಅಣ್ಣ ತಂಗಿ. ಹೀಗೆ ಬಿಡದೆ ಕನಿಷ್ಠ 20 ತಲೆಮಾರು. ಆಗ 98 ಪರ್ಸೆಂಟಿಗಿಂತ ಜಾಸ್ತಿ ಜೀನುಗಳಲ್ಲಿ ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ ಎರಡೂ ಒಂದೇ ಆಗಿರುತ್ತವೆ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವವರಿಗೆ ಡಾಕ್ಟರು ಬೇಡ ಅನ್ನುವುದು ಯಾಕೆ? ಮನೆತನದಲ್ಲಿ ಅಡಗಿರುವ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಸೇರಬಹುದು ಅಂತ. ಇಲಿಯಲ್ಲೂ ಅದೇ ಆಗುತ್ತದೆ. ಮೊದಲ ಕೆಲವು ತಲೆಮಾರುಗಳಲ್ಲಿ ಮರಿ ಸಾಯುತ್ತವೆ, ಬಂಜೆತನ ಬರುತ್ತದೆ, ಎಷ್ಟೋ ಸಾಲು ಅಲ್ಲೇ ನಿಂತು ಹೋಗುತ್ತವೆ. ಅದನ್ನೆಲ್ಲ ದಾಟಿ ಉಳಿದವು ಈಗ ನಮ್ಮ ಕೇಜಿನಲ್ಲಿರುವ ತಳಿಗಳು.

ಇವು ಎಷ್ಟು ಒಂದೇ ಥರ ಅಂದರೆ, ಒಂದು ಇಲಿಯ ಚರ್ಮದ ತುಂಡನ್ನು ಅದೇ ತಳಿಯ ಇನ್ನೊಂದಕ್ಕೆ ಕಸಿ ಮಾಡಿದರೆ ಅಂಟಿಕೊಳ್ಳುತ್ತದೆ. ತದ್ರೂಪಿ ಅವಳಿ ಮಕ್ಕಳ ಹಾಗೆ. ಒಂದು ವಿಚಿತ್ರ ಮಾತ್ರ ಇದೆ, ನನಗೆ ಬಹಳ ಇಷ್ಟವಾದದ್ದು: ಬ್ಲ್ಯಾಕ್ ಸಿಕ್ಸ್ ಅನ್ನುವ ಕಪ್ಪು ಇಲಿಯ ಇನ್‌ಬ್ರೆಡ್ ತಳಿಯಲ್ಲಿ ಗಂಡಿನ ಚರ್ಮವನ್ನು ಹೆಣ್ಣಿಗೆ ಹಾಕಿದರೆ ಅದು ಒಪ್ಪುವುದಿಲ್ಲ. ಗಂಡಿಗೆ ಮಾತ್ರ ಇರುವ ವೈ ಕ್ರೋಮೋಸೋಮಿನಿಂದ ಬರುವ ಪ್ರೋಟೀನನ್ನು ಹೆಣ್ಣಿನ ದೇಹ ಗುರುತು ಹಿಡಿಯುತ್ತದೆ. 1955ರಲ್ಲೇ ಇದು ಗೊತ್ತಾಯಿತು. ಕಸಿ ಒಪ್ಪುವುದು, ಒಪ್ಪದಿರುವುದನ್ನು ನಿರ್ಧರಿಸುವ ಎಚ್-2 ಜೀನುಗಳನ್ನು ಇಲಿಗಳಲ್ಲೇ ಹುಡುಕಿದ ಜಾರ್ಜ್ ಸ್ನೆಲ್ ಅವರಿಗೆ 1980ರಲ್ಲಿ ನೊಬೆಲ್ ಬಂತು. ನಮ್ಮೂರಿನಲ್ಲಿ ಕಿಡ್ನಿ ಕಸಿಗೆ ಮ್ಯಾಚಿಂಗ್ ನೋಡುತ್ತಾರಲ್ಲ, ಅದರ ಬೇರು ಇಲ್ಲಿದೆ.

ಸ್ವಿಸ್ ಇಲಿ ಹೀಗಲ್ಲ. 1926ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಿಂದ ಅಮೆರಿಕಕ್ಕೆ ಹೋದ ಒಂಬತ್ತು ಇಲಿಗಳ ಸಂತಾನ ಅವು. ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಸ್ವಿಸ್ ಆಲ್ಬಿನೋ ಔಟ್‌ಬ್ರೆಡ್, ಅಂದರೆ ನಮ್ಮ ನಿಮ್ಮ ಹಾಗೆ ಒಂದೊಂದು ಒಂದೊಂದು ಥರ. ವಿಷಪರೀಕ್ಷೆಗೆ, ನೋವಿನ ಮಾತ್ರೆ ಪರೀಕ್ಷೆಗೆ ಅದು ಚೆನ್ನಾಗಿ ನಡೆಯುತ್ತದೆ, ಮರಿಯೂ ಜಾಸ್ತಿ ಹಾಕುತ್ತದೆ. ಅದು ಕೀಳು ಅಂತ ಖಂಡಿತ ಹೇಳುತ್ತಿಲ್ಲ. ಬಾಲ್ಬ್/ಸಿ ಬೇಕಾದ ಕಡೆ ಅದನ್ನು ಇಟ್ಟರೆ ಮಾತ್ರ ನನ್ನ ಕಥೆ ನಿಮ್ಮದೂ ಆಗುತ್ತದೆ.

ಪ್ರಶ್ನೆ ಮೊದಲು, ಇಲಿ ಆಮೇಲೆ

ಯಾವ ತಳಿ ಬೇಕು ಅನ್ನುವುದು ನೀವು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ನಮ್ಮ ಮೂರು ಜಿಲ್ಲೆಗೂ ಗೊತ್ತಿರುವ ಒಂದು ವಿಷಯ ಹಿಡಿದು ಹೇಳುತ್ತೇನೆ, ಫ್ಲೋರೈಡ್. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಅದು ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ದಾಟಿದ ಊರುಗಳ ಮಕ್ಕಳ ಹಲ್ಲು ನೋಡಿದರೆ ಗೊತ್ತಾಗುತ್ತದೆ. ಕಂದು ಗೆರೆ, ಸುಣ್ಣದಂಥ ಬಿಳಿ ಮಚ್ಚೆ. ನಾನು ಗಂಗಾವತಿ ಕಡೆಯವಳು. ಒಂದೇ ಬೋರಿನ ನೀರು ಕುಡಿದ ಮಕ್ಕಳಲ್ಲಿ ಒಬ್ಬರ ಹಲ್ಲು ಪೂರ್ತಿ ಕೆಟ್ಟಿರುವುದನ್ನೂ ಇನ್ನೊಬ್ಬರದು ಅಷ್ಟಾಗಿ ಕೆಡದಿರುವುದನ್ನೂ ಚಿಕ್ಕಂದಿನಿಂದ ನೋಡಿದ್ದೇನೆ. ಊಟ, ವಯಸ್ಸು, ಕುಡಿಯುವ ನೀರಿನ ಪ್ರಮಾಣ, ಎಲ್ಲ ಸೇರಿರುತ್ತದೆ. ಜೀನಿನ ಪಾಲೂ ಇರಬಹುದಾ?

ಇದನ್ನು ಜನರಲ್ಲಿ ಬಿಡಿಸಿ ನೋಡುವುದು ಬಹಳ ಕಷ್ಟ. ಇಲಿಯಲ್ಲಿ ಆಗುತ್ತದೆ. ಅಮೆರಿಕದ ವಿಜ್ಞಾನಿಗಳು 12 ಇನ್‌ಬ್ರೆಡ್ ತಳಿಗಳಿಗೆ ಫ್ಲೋರೈಡ್ ನೀರು ಕುಡಿಸಿ ಹಲ್ಲು ನೋಡಿದರು, 2002ರಲ್ಲಿ ಪ್ರಕಟಿಸಿದರು. ಎ/ಜೆ ಅನ್ನುವ ತಳಿಯ ಹಲ್ಲು ಬೇಗ ಕೆಟ್ಟಿತು. 129ಪಿ3/ಜೆ ತಳಿಯ ಹಲ್ಲಿಗೆ ಹೆಚ್ಚೇನೂ ಆಗಲಿಲ್ಲ. ಅದೇ ನೀರು, ಅದೇ ಆಹಾರ, ಬೇರೆ ಜೀನು. ಇಲಿಯ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುವುದರಿಂದ ಪರಿಣಾಮ ಬೇಗ ಕಣ್ಣಿಗೆ ಬೀಳುತ್ತದೆ, ಅದೂ ಒಂದು ಅನುಕೂಲ.

ಈಗ ಯೋಚಿಸಿ. ಯಾರಾದರೂ 129ಪಿ3/ಜೆ ಒಂದನ್ನೇ ತಗೊಂಡು ಪರೀಕ್ಷೆ ಮಾಡಿದ್ದರೆ ಏನು ಬರೆಯುತ್ತಿದ್ದರು? ಈ ನೀರಿನಿಂದ ಹಲ್ಲಿಗೆ ತೊಂದರೆ ಇಲ್ಲ ಅಂತ. ಒಂದು ಇನ್‌ಬ್ರೆಡ್ ತಳಿಯ ಐವತ್ತು ಇಲಿ ಅಂದರೆ ಒಬ್ಬ ಮನುಷ್ಯನನ್ನೇ ಐವತ್ತು ಸಲ ಕೇಳಿದ ಹಾಗೆ. ಉತ್ತರ ಒಂದೇ ಸಮ ಬರುತ್ತದೆ, ಆದರೆ ಅದು ಒಬ್ಬನ ಉತ್ತರ. ಆದ್ದರಿಂದ ಸಾಧ್ಯವಾದರೆ ಮುಖ್ಯ ಫಲಿತಾಂಶವನ್ನು ಇನ್ನೊಂದು ತಳಿಯಲ್ಲಿ ನೋಡಿ, ಗಂಡು ಹೆಣ್ಣು ಎರಡರಲ್ಲೂ ನೋಡಿ. ನಾನು ಗೈಡ್‌ಗಳ ಜೊತೆ ಜಗಳ ಆಡುವುದು ಇದೊಂದಕ್ಕೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬೊಜ್ಜು, ಟೈಪ್ 2 ಸಕ್ಕರೆ ಕಾಯಿಲೆ ನೋಡುವವರಿಗೆ ಬ್ಲ್ಯಾಕ್ ಸಿಕ್ಸ್ ಗಂಡು. ಕೊಬ್ಬಿನ ಆಹಾರ ಕೊಟ್ಟರೆ ದಪ್ಪ ಆಗುತ್ತದೆ, ಸಕ್ಕರೆ ಏರುತ್ತದೆ, ಬಾಲ್ಬ್/ಸಿ ಅಷ್ಟು ಬೇಗ ಬಗ್ಗುವುದಿಲ್ಲ. ಟೈಪ್ 1 ಸಕ್ಕರೆಗೆ ಜಪಾನಿನಲ್ಲಿ ಬೆಳೆಸಿದ ಎನ್‌ಒಡಿ ತಳಿ, ಅದರಲ್ಲಿ ಹೆಣ್ಣಿಗೆ ಜಾಸ್ತಿ ಬರುತ್ತದೆ. ಬಿ16 ಮೆಲನೋಮಾ (ಒಂದು ಚರ್ಮದ ಕ್ಯಾನ್ಸರ್) ಗಡ್ಡೆ ಬ್ಲ್ಯಾಕ್ ಸಿಕ್ಸ್‌ನಲ್ಲಿ, 4ಟಿ1 ಸ್ತನ ಕ್ಯಾನ್ಸರ್ ಮತ್ತು ನನಗೆ ಅಳು ತರಿಸಿದ ಸಿಟಿ26 ಬಾಲ್ಬ್/ಸಿಯಲ್ಲಿ. ಲೀಷ್ಮೇನಿಯಾ ಮೇಜರ್ ಪರಾವಲಂಬಿ ಚುಚ್ಚಿದರೆ ಬ್ಲ್ಯಾಕ್ ಸಿಕ್ಸ್ ವಾಸಿಯಾಗುತ್ತದೆ, ಬಾಲ್ಬ್/ಸಿ ಸೋಲುತ್ತದೆ. ಎರಡರ ರೋಗನಿರೋಧಕ ವ್ಯವಸ್ಥೆ ತಿರುಗುವ ದಿಕ್ಕೇ ಬೇರೆ. ಕಣ್ಣಿನಿಂದ ನೋಡಿ ಕಲಿಯುವ ಪರೀಕ್ಷೆಗೆ ಸಿ3ಎಚ್, ಎಫ್‌ವಿಬಿ ಬೇಡವೇ ಬೇಡ, ರೆಟಿನಾ ಹಾಳಾಗಿ ಚಿಕ್ಕ ವಯಸ್ಸಿಗೇ ಕುರುಡಾಗಿರುತ್ತವೆ. ನೀರಿನ ತೊಟ್ಟಿಯಲ್ಲಿ ಈಜಿಸಿ ಇವಕ್ಕೆ ನೆನಪಿನ ಶಕ್ತಿ ಇಲ್ಲ ಅಂತ ಬರೆದರೆ ಅನ್ಯಾಯ ಅಲ್ವಾ, ಪಾಪ, ಅವಕ್ಕೆ ಕಾಣುವುದೇ ಇಲ್ಲ.

ಬ್ಲ್ಯಾಕ್ ಸಿಕ್ಸ್ ಸ್ವಭಾವ

ಪೂರ್ತಿ ಹೆಸರು ಸಿ57ಬಿಎಲ್/6. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆ್ಯಬಿ ಲಾಥ್ರೋಪ್ ಅನ್ನುವ ಹೆಣ್ಣುಮಗಳಿದ್ದರು. ಟೀಚರ್ ಕೆಲಸ ಬಿಟ್ಟ ಮೇಲೆ ಇಲಿ ಸಾಕಿ ಮಾರುತ್ತಿದ್ದರು. ಅವರ ಇಲಿಗಳಲ್ಲಿ 57ನೇ ನಂಬರಿನ ಹೆಣ್ಣಿನಿಂದ 1921ರಲ್ಲಿ ಕ್ಲಾರೆನ್ಸ್ ಕುಕ್ ಲಿಟಲ್ ಅನ್ನುವ ವಿಜ್ಞಾನಿ ಈ ಸಾಲು ಶುರು ಮಾಡಿದರು. ಅದೇ ಲಿಟಲ್ 1909ರಲ್ಲಿ ಮೊತ್ತಮೊದಲ ಇನ್‌ಬ್ರೆಡ್ ತಳಿ ಡಿಬಿಎ ಶುರು ಮಾಡಿದ್ದರು, 1929ರಲ್ಲಿ ಜಾಕ್ಸನ್ ಲ್ಯಾಬೊರೇಟರಿ ಕಟ್ಟಿದರು. 2002ರಲ್ಲಿ ಇಲಿಯ ಜೀನೋಮ್ ಓದಿದಾಗ ಓದಿದ್ದು ಈ ಕಪ್ಪು ಇಲಿಯದೇ. ಲಾಥ್ರೋಪ್ ಹೆಸರು ಪಠ್ಯಪುಸ್ತಕದಲ್ಲಿ ಅಷ್ಟಾಗಿ ಬರುವುದಿಲ್ಲ, ಬರಬೇಕು.

ಇದನ್ನು ತಂದ ಮೇಲೆ ಕೆಲವು ವಿಷಯ ನೋಡಿ ಗಾಬರಿ ಆಗಬೇಡಿ. ಒಂದು ಇಲಿ ಜೊತೆಯವುಗಳ ಮೀಸೆ, ತಲೆ ಮೇಲಿನ ಕೂದಲು ಕಿತ್ತು ಬೋಳು ಮಾಡುತ್ತದೆ. ಹುಳುಕಡ್ಡಿ ಅಂತ ಮುಲಾಮು ಹಚ್ಚುವ ಮುಂಚೆ ಕೇಜಿನಲ್ಲಿ ಮೀಸೆ ಪೂರ್ತಿ ಇರುವ ಇಲಿ ಯಾವುದು ನೋಡಿ, ಸಾಮಾನ್ಯವಾಗಿ ಅದೇ ಕಿತ್ತಿರುತ್ತದೆ. ಕೆಲವು ಮರಿಗಳ ಒಂದು ಕಣ್ಣು ಚಿಕ್ಕದಿರುತ್ತದೆ, ಕೆಲವದರ ತಲೆಯಲ್ಲಿ ನೀರು ತುಂಬಿ ಬುರುಡೆ ಉಬ್ಬುತ್ತದೆ. ಇವು ತಳಿಯದೇ ದೋಷಗಳು, ನಿಮ್ಮ ಔಷಧದ ಮೇಲೆ ಹಾಕಬೇಡಿ. ಬೆನ್ನ ಮೇಲೆ ಕೆರೆದು ಕೆರೆದು ಹುಣ್ಣಾದರೆ ಮಾತ್ರ ತಡಮಾಡದೆ ಪಶುವೈದ್ಯರನ್ನು ಕರೆಯಿರಿ, ಅದು ಬಹಳ ನೋವಿನದು. ವಯಸ್ಸಾದಂತೆ ಈ ತಳಿಗೆ ಕಿವಿಯೂ ಮಂದವಾಗುತ್ತದೆ, ಕೀಚಲು ಧ್ವನಿಯಿಂದ (ಎತ್ತರದ ಸ್ವರದಿಂದ) ಶುರುವಾಗಿ. ಶಬ್ದ ಕೇಳಿಸಿ ಮಾಡುವ ಪರೀಕ್ಷೆಯನ್ನು ಮುದಿ ಬ್ಲ್ಯಾಕ್ ಸಿಕ್ಸ್ ಮೇಲೆ ಮಾಡಬೇಡಿ.

ಇನ್ನೊಂದು ಮುಖ್ಯ ಮಾತು, ಹೆಸರಿನ ಕೊನೆಯ ಅಕ್ಷರ. 6ಜೆ ಜಾಕ್ಸನ್‌ನದು. 1951ರಲ್ಲಿ ಅಲ್ಲಿಂದ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೆ ಹೋಗಿ ಬೇರೆಯಾಗಿ ಬೆಳೆದದ್ದು 6ಎನ್. ಕಣ್ಣಿಗೆ ಎರಡೂ ಒಂದೇ ಕಪ್ಪು. ಆದರೆ 6ಜೆಯಲ್ಲಿ ಎನ್‌ಎನ್‌ಟಿ ಜೀನಿನ ಒಂದು ತುಂಡು ಬಿದ್ದುಹೋಗಿದೆ, ಅದು ಸಕ್ಕರೆ ನಿಭಾಯಿಸುವ ಶಕ್ತಿಯನ್ನು ಮುಟ್ಟುತ್ತದೆ. 6ಎನ್‌ನಲ್ಲಿ ಆರ್‌ಡಿ8 ಅನ್ನುವ ಬದಲಾವಣೆ ಇದೆ, ಅದು ರೆಟಿನಾ ಕೆಡಿಸುತ್ತದೆ. ಔಷಧದ ಗುಂಪು 6ಜೆ, ಕಂಟ್ರೋಲ್ (ಹೋಲಿಕೆಗೆ ಔಷಧ ಕೊಡದೆ ಇಟ್ಟ) ಗುಂಪು 6ಎನ್ ಆದರೆ ಕಂಡ ವ್ಯತ್ಯಾಸ ಔಷಧದ್ದೋ ತಳಿಯದ್ದೋ ಹೇಳಲು ಯಾರಿಂದಲೂ ಆಗುವುದಿಲ್ಲ. ಎರಡೂ ಗುಂಪು ಒಂದೇ ಕಡೆಯಿಂದ, ಒಂದೇ ವಯಸ್ಸಿನದು, ಒಂದೇ ಸಲ ತರಿಸಿ.

ನಮ್ಮ ಬಿಸಿಲು, ನಮ್ಮ ಹೊಟ್ಟು, ನಮ್ಮ ನೀರು

ಕಾಗದಪತ್ರ ಮೊದಲು ಮುಗಿಸಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಿಸಿಎಸ್‌ಇಎ ಸಮಿತಿ ಇದೆ. ಹಳೆಯವರು ಸಿಪಿಸಿಎಸ್‌ಇಎ ಅನ್ನುತ್ತಾರೆ, ಅದೇ ಇದು. ನಿಮ್ಮ ಕಾಲೇಜು ಅಲ್ಲಿ ನೋಂದಣಿ ಆಗಿರಬೇಕು, ಕಾಲೇಜಿನ ನೈತಿಕ ಸಮಿತಿ ಫಾರ್ಮ್ ಬಿ (ಪ್ರಯೋಗದ ಅರ್ಜಿ) ಒಪ್ಪಿರಬೇಕು, ಇಲಿ ಕೊಡುವವರೂ ನೋಂದಣಿ ಆದವರಿರಬೇಕು. ಎಷ್ಟು ಇಲಿ, ಯಾಕೆ ಅಷ್ಟು, ಇಲಿ ಇಲ್ಲದೆ ಆಗುವುದಿಲ್ಲವಾ, ಇದಕ್ಕೆ ಮನಸ್ಸಿಟ್ಟು ಉತ್ತರ ಬರೆಯಿರಿ. ಇನ್‌ಬ್ರೆಡ್ ತಳಿಯ ದೊಡ್ಡ ಲಾಭ ಇಲ್ಲೇ ಇದೆ. ಇಲಿಗಳ ನಡುವೆ ವ್ಯತ್ಯಾಸ ಕಡಿಮೆ ಇದ್ದಾಗ ಸಾಮಾನ್ಯವಾಗಿ ಕಡಿಮೆ ಇಲಿ ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ತರಿಸಬೇಡಿ ಅಂತ ನಾನು ಬೇಡಿಕೊಳ್ಳುತ್ತೇನೆ. ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವ ದಿನಗಳು ಅವು. ಇಲಿ ನಮ್ಮ ಹಾಗೆ ಬೆವರುವುದಿಲ್ಲ. ತರಿಸಲೇಬೇಕಾದರೆ ರಾತ್ರಿ ಎಸಿ ಗಾಡಿಯಲ್ಲಿ ಹೊರಡಿಸಿ, ಡಬ್ಬಿಯಲ್ಲಿ ನೀರಿನ ಜೆಲ್ ಇಡಿಸಿ, ಬೆಳಗಾಗುವ ಮುಂಚೆ ಇಳಿಸಿಕೊಳ್ಳಿ. ಬಂದ ಮೇಲೆ ಕನಿಷ್ಠ ಒಂದು ವಾರ ಏನೂ ಮಾಡದೆ ಬಿಡಿ.

ಕೋಣೆ 20ರಿಂದ 26 ಡಿಗ್ರಿ ಒಳಗೆ ಇರಲಿ. ಕೇಜಿನ ಒಳಗೆ ಕೋಣೆಗಿಂತ ಬಿಸಿ ಜಾಸ್ತಿ ಅನ್ನುವುದು ನೆನಪಿರಲಿ. ಪಕ್ಕದಲ್ಲೇ ಶಕ್ತಿನಗರ, ಕುಡತಿನಿಯಲ್ಲಿ ಕರೆಂಟು ತಯಾರಾಗುತ್ತದೆ, ಆದರೂ ಮಧ್ಯಾಹ್ನ ಕರೆಂಟು ಹೋಗುವುದು ತಪ್ಪಿದ್ದಲ್ಲ. ಜನರೇಟರ್ ಎಸಿಗೆ ಸೇರಿದೆಯಾ, ಬರೀ ಲೈಟಿಗಾ ಅಂತ ಇವತ್ತೇ ಹೋಗಿ ನೋಡಿ. ಗಂಡು ಇಲಿಗೆ ಸೆಕೆ ತಗಲಿದರೆ ಎಸಿ ಸರಿಯಾದ ಮೇಲೂ ವಾರಗಟ್ಟಲೆ ಮರಿ ಆಗದೆ ಇರಬಹುದು. ಹಾಗಂತ 20ಕ್ಕೆ ಇಟ್ಟು ತಣ್ಣಗೆ ಮಾಡಿದರೆ ಅವಕ್ಕೆ ಚಳಿ. ಗೂಡು ಕಟ್ಟಲು ಕಾಗದದ ಪಟ್ಟಿ ಹಾಕಿ. ಅರ್ಧ ಗಂಟೆಯಲ್ಲಿ ಹರಿದು, ನೆಯ್ದು, ಒಳಗೆ ಹೋಗಿ ಮಲಗುವುದನ್ನು ನೋಡುವುದೇ ಒಂದು ಸಮಾಧಾನ.

ಕೆಳಗೆ ಹಾಸಲು ಭತ್ತದ ಹೊಟ್ಟು. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಬೇಕಾದಷ್ಟು ಸಿಗುತ್ತದೆ. ತಂದ ಹಾಗೇ ಹಾಕಬೇಡಿ. ಮಿಲ್ಲಿನಲ್ಲಿ ಊರ ಇಲಿಗಳು ಓಡಾಡಿ ಉಚ್ಚೆ, ಹಿಕ್ಕೆ ಬಿಟ್ಟಿರುತ್ತವೆ, ಆ ರೋಗ ನೇರ ನಿಮ್ಮ ಕೇಜಿಗೆ ಬರುತ್ತದೆ. ಜರಡಿ ಹಿಡಿದು ಧೂಳು ತೆಗೆದು, ಬಟ್ಟೆ ಚೀಲದಲ್ಲಿ ತುಂಬಿ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ), ಪೂರ್ತಿ ಒಣಗಿಸಿ ಹಾಕಿ. ನಮ್ಮಲ್ಲಿ ಕೇಜ್ ನೋಡಿಕೊಳ್ಳುವ ಕಾಕಾ ಒಂದು ಹಿಡಿ ಹೊಟ್ಟು ಮುಷ್ಟಿಯಲ್ಲಿ ಒತ್ತಿ ಬಿಡುತ್ತಾರೆ. ಅಂಟಿಕೊಂಡರೆ, "ಇನ್ನೂ ಹಸಿ ಐತಿ ತಂಗಿ, ಬಿಸಿಲಿಗೆ ಬ್ಯಾಡ, ಒಳಗ ಒಣಗಸು" ಅನ್ನುತ್ತಾರೆ. ಹೊರಗೆ ಅಂಗಳದಲ್ಲಿ ಹರಡಿದರೆ ಆಟೋಕ್ಲೇವ್ ಮಾಡಿದ್ದೇ ದಂಡ.

ನೀರಿನ ಬಗ್ಗೆ ಮೇಲೆ ಹೇಳಿದ್ದು ಇಲ್ಲಿ ತಿರುಗಿ ಬರುತ್ತದೆ. ಬೋರ್‌ವೆಲ್ ನೀರನ್ನು ಹಾಗೇ ಬಾಟಲಿಗೆ ತುಂಬಬೇಡಿ. ಮೂಳೆ, ಹಲ್ಲು, ಕಿಡ್ನಿ ನೋಡುವ ಕೆಲಸವಾದರಂತೂ ನಿಮ್ಮ ಕಂಟ್ರೋಲ್ ಇಲಿಯೂ ಗೊತ್ತಿಲ್ಲದೆ ಫ್ಲೋರೈಡ್ ಕುಡಿಯುತ್ತಿರುತ್ತದೆ. ಆರ್‌ಒ ನೀರು ಕೊಡಿ, ಆರ್‌ಒ ಯಂತ್ರದ ನೀರನ್ನೂ ಆಗಾಗ ಫ್ಲೋರೈಡ್ ಪರೀಕ್ಷೆಗೆ ಕಳಿಸಿ, ಆ ಸಂಖ್ಯೆ ಬರೆದಿಡಿ.

ಎತ್ತುವಾಗ ಬಾಲ ಹಿಡಿದು ಎತ್ತಬೇಡಿ. ನಮಗೆಲ್ಲ ಹಾಗೇ ಕಲಿಸಿದರು. 2010ರಲ್ಲಿ ಪ್ರಕಟವಾದ ಅಧ್ಯಯನ ಬಾಲ ಹಿಡಿದ ಇಲಿಗಳಲ್ಲಿ ಭಯ ಜಾಸ್ತಿ ಅಂತ ತೋರಿಸಿತು. ಪ್ಲಂಬರ್ ಅಂಗಡಿಯ ಪಿವಿಸಿ ಪೈಪಿನ ಒಂದು ಗೇಣು ತುಂಡು ಕೇಜಿನಲ್ಲಿ ಇಡಿ. ಇಲಿ ತಾನೇ ಒಳಗೆ ಹೋಗುತ್ತದೆ, ಪೈಪ್ ಸಮೇತ ಎತ್ತಿ. ಅಥವಾ ಎರಡೂ ಅಂಗೈ ಬೊಗಸೆ ಮಾಡಿ ಎತ್ತಿ. ಮೂರು ವಾರದ ಬ್ಲ್ಯಾಕ್ ಸಿಕ್ಸ್ ಮರಿಗಳು ಹುರಿಯುವ ಜೋಳದ ಹಾಗೆ ಚಿಮ್ಮುತ್ತವೆ, ಮುಚ್ಚಳ ಪೂರ್ತಿ ತೆಗೆಯಬೇಡಿ. ಬೇರೆ ಬೇರೆ ಕೇಜಿನ ದೊಡ್ಡ ಬಾಲ್ಬ್/ಸಿ ಗಂಡುಗಳನ್ನು ಒಂದೇ ಕಡೆ ಯಾವತ್ತೂ ಹಾಕಬೇಡಿ, ಬೆಳಗಾಗುವಷ್ಟರಲ್ಲಿ ಒಂದು ಸತ್ತಿರಬಹುದು.

ಮರಿ ಮಾಡಿಸುವವರಿಗೆ

ಒಂದು ಗಂಡಿಗೆ ಎರಡು ಹೆಣ್ಣು, ವಯಸ್ಸು ಎಂಟು ವಾರ ಆದ ಮೇಲೆ. ಕೂಡಿಸುವ ಮೂರು ದಿನ ಮುಂಚೆ ಗಂಡಿನ ಕೇಜಿನ ಕೊಳೆ ಹೊಟ್ಟನ್ನು ಹೆಣ್ಣಿನ ಕೇಜಿಗೆ ಸ್ವಲ್ಪ ಹಾಕಿ, ವಾಸನೆಗೆ ಹೆಣ್ಣುಗಳು ಹೆಚ್ಚುಕಡಿಮೆ ಒಟ್ಟಿಗೆ ಬೆದೆಗೆ ಬರುತ್ತವೆ. ಮಾರನೆ ಬೆಳಗ್ಗೆ ಯೋನಿಯಲ್ಲಿ ಬಿಳಿ ಮೇಣದಂಥ ಬಿರಡೆ ಕಂಡರೆ ಕೂಡಿವೆ ಅಂತ ಅರ್ಥ. ಆ ಮೊದಲ ಕೆಲವು ದಿನ ಹೊಸ ಗಂಡನ್ನು ಹತ್ತಿರ ತರಬೇಡಿ, ಬೇರೆ ಗಂಡಿನ ವಾಸನೆಗೇ ಬಸಿರು ನಿಂತುಹೋಗಬಹುದು. ಸುಮಾರು 19 ದಿನಕ್ಕೆ ಮರಿ. ಚೊಚ್ಚಲ ಬ್ಲ್ಯಾಕ್ ಸಿಕ್ಸ್ ತಾಯಿ ಗಾಬರಿಯಾದರೆ ಮರಿಗಳನ್ನೇ ತಿನ್ನುತ್ತದೆ. ಎರಡು ಮೂರು ದಿನ ಕೇಜ್ ಬದಲಿಸಬೇಡಿ, ಎಣಿಸಲು ಕೈ ಹಾಕಬೇಡಿ, ರಾತ್ರಿ ಲೈಟ್ ಹಾಕಬೇಡಿ. 21 ದಿನಕ್ಕೆ ತಾಯಿಯಿಂದ ಬಿಡಿಸಿ.

ಮರಿಯ ಬಣ್ಣ ನೋಡುತ್ತಿರಿ, ಅದು ದುಡ್ಡಿಲ್ಲದ ಜೀನ್ ಪರೀಕ್ಷೆ. ಬ್ಲ್ಯಾಕ್ ಸಿಕ್ಸ್ ಕೇಜಿನಲ್ಲಿ ಊರ ಇಲಿಯ ಕಂದುಬಣ್ಣದ ಮರಿ ಬಂತು ಅಂದರೆ ಹೊರಗಿನ ಇಲಿ ನುಗ್ಗಿದೆ, ಅಥವಾ ಯಾರೋ ಕೇಜ್ ಅದಲು ಬದಲು ಮಾಡಿದ್ದಾರೆ. ಕಪ್ಪು ಬ್ಲ್ಯಾಕ್ ಸಿಕ್ಸ್, ಬಿಳಿ ಬಾಲ್ಬ್/ಸಿ ಕೂಡಿದರೆ ಹುಟ್ಟುವುದು ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಊರ ಇಲಿಯ ಕಂದು ಬಣ್ಣದ್ದೇ. ಬಾಲ್ಬ್/ಸಿಯ ಬಿಳುಪಿನ ಕೆಳಗೆ ಆ ಕಂದಿನ ಜೀನ್ ಅಡಗಿ ಕೂತಿರುತ್ತದೆ. ಅಂಥ ಒಂದು ಮರಿ ಕಂಡರೂ ಆ ಸಾಲನ್ನು ಅಲ್ಲಿಗೇ ನಿಲ್ಲಿಸಿ. ಏನೂ ತಪ್ಪದೆ ನಡೆದರೂ ನಿಮ್ಮದೇ ಸಾಲನ್ನು ವರ್ಷಗಟ್ಟಲೆ ಎಳೆಯಬೇಡಿ. ಹತ್ತು ತಲೆಮಾರಿನ ಒಳಗೆ ಮೂಲ ಕಡೆಯಿಂದ ಹೊಸ ಜೋಡಿ ತರಿಸಿ, ಇಲ್ಲದಿದ್ದರೆ ಸಣ್ಣ ಸಣ್ಣ ಬದಲಾವಣೆ ಸೇರಿ ನಿಮ್ಮದು ಬೇರೆಯೇ ಉಪತಳಿ ಆಗುತ್ತಾ ಹೋಗುತ್ತದೆ.

ಕೊನೆಗೆ ಕೇಜ್ ಕಾರ್ಡ್. ನಮ್ಮಲ್ಲಿ "ಬಿಳಿ ಇಲಿ" ಅಂತ ಬರೆದ ಕಾರ್ಡನ್ನು ಕಾಕಾ ಒಳಗೆ ಬಿಡುವುದೇ ಇಲ್ಲ, ವಾಪಸ್ ಕೊಡುತ್ತಾರೆ. ಕೊನೆಯ ಅಕ್ಷರದ ತನಕ ತಳಿಯ ಪೂರ್ತಿ ಹೆಸರು, ಎಲ್ಲಿಂದ ಬಂತು, ಬಂದ ತಾರೀಖು, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಎಷ್ಟನೇ ತಲೆಮಾರು, ಸಮಿತಿಯ ಒಪ್ಪಿಗೆ ನಂಬರ್. ಡಬ್ಬಿ ಇಳಿಸಿಕೊಳ್ಳುವಾಗ ಬಿಲ್, ಡಬ್ಬಿ ಮೇಲಿನ ಚೀಟಿ, ಫಾರ್ಮ್ ಬಿ, ಈ ಮೂರರಲ್ಲೂ ಒಂದೇ ಹೆಸರು ಇದೆಯಾ ಅಂತ ಬೆರಳಿಟ್ಟು ಓದಿ. ಇಲ್ಲದಿದ್ದರೆ ಸಹಿ ಹಾಕಬೇಡಿ, ಡ್ರೈವರ್ ಎಷ್ಟೇ ಅವಸರ ಮಾಡಲಿ.